ಏಟಿಗೆ ಮೊದಲು ಕೇಳಿಬಂದ ನಗೆ

ಹಿಂಸೆಯೆಂದರೆ ಕೈಯೆತ್ತಿ ಹೊಡೆಯುವುದು ಮಾತ್ರವೆಂದು ತಿಳಿದಿರುವವರಿಗೆ ಜಿನಾಗಮದ ಆವಶ್ಯಕತೆಯೇ ಇಲ್ಲ. ಅಷ್ಟು ಮಟ್ಟಿನ ಅಹಿಂಸೆಯನ್ನು ರಾಜ್ಯದ ದಂಡಸಂಹಿತೆಯೂ ಕಲಿಸುತ್ತದೆ. ಶ್ರಾವಕನಾದವನು ಇದಕ್ಕಿಂತ ಸೂಕ್ಷ್ಮವಾದ ಲೆಕ್ಕಕ್ಕೆ ಒಳಪಟ್ಟವನು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು. ಮನಸ್ಸು, ವಚನ, ಕಾಯಗಳೆಂಬ ಮೂರು. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು. ಇವನ್ನು ಪರಸ್ಪರ ಗುಣಿಸಿದರೆ 108. ಪಾಪವು ಆತ್ಮನನ್ನು ಪ್ರವೇಶಿಸುವ ಈ 108 ದ್ವಾರಗಳನ್ನು ನೆನೆದೇ ನಾವು 108 ಮಣಿಗಳ ಜಪಮಾಲೆಯನ್ನು ತಿರುಗಿಸುತ್ತೇವೆ. ಆದರೆ ಮಾಲೆಯನ್ನು ಗೂಟಕ್ಕೆ ತೂಗುಹಾಕಿ ದೂರದರ್ಶನದ ಮುಂದೆ ಕುಳಿತೊಡನೆ ಈ ಗುಣಾಕಾರವು ನಮಗೆ ಮರೆತುಹೋಗುತ್ತದೆ. ಅದರಲ್ಲಿಯೂ ಅನುಮೋದನೆಯೆಂಬ ಮೂರನೆಯ ಬಾಬು ಮೊದಲು ಮರೆಯುತ್ತದೆ. ಅದನ್ನು ನೆನಪಿಸಿಕೊಡುವುದಕ್ಕಾಗಿ, ಲೋಕವೆಲ್ಲ ಕಂಡ ಒಂದು ಪ್ರಸಂಗವನ್ನು ಸಾಧರ್ಮಿ ಬಂಧುಗಳ ಮುಂದೆ ವಿಚಾರಕ್ಕಿಡಲು ಬಯಸುತ್ತೇನೆ.

2022ರ ಮಾರ್ಚ್ 27ರ ರಾತ್ರಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಡಾಲ್ಬಿ ರಂಗಮಂದಿರದಲ್ಲಿ 94ನೆಯ ಆಸ್ಕರ್ ಚಲನಚಿತ್ರ ಪ್ರಶಸ್ತಿಗಳ ಪ್ರದಾನ ನಡೆಯಿತು. ನಮ್ಮಲ್ಲಿ ಆಗ 28ರ ಬೆಳಗು. ಆ ಸಮಾರಂಭವು 1953ರಿಂದ ದೂರದರ್ಶನದಲ್ಲಿ ಪ್ರಸಾರವಾಗುತ್ತ ಬಂದಿದೆ. ಮೊದಲ ಪ್ರಸಾರದ ದಿನದಿಂದಲೇ ನಗೆಗಾರನೊಬ್ಬನನ್ನು ನಿರೂಪಕನಾಗಿ ನಿಲ್ಲಿಸುವುದು ಅಲ್ಲಿಯ ವಾಡಿಕೆ. ಆ ವರ್ಷ ಮೂವರು ಮಹಿಳೆಯರು ನಿರೂಪಕರಾಗಿದ್ದರು. ಹಿಂದೆ 2005 ಮತ್ತು 2016ರಲ್ಲಿ ನಿರೂಪಕನಾಗಿದ್ದ ಕ್ರಿಸ್ ರಾಕ್ ಎಂಬ ಹಾಸ್ಯಗಾರನು ಸಾಕ್ಷ್ಯಚಿತ್ರದ ಪ್ರಶಸ್ತಿಯನ್ನು ಘೋಷಿಸಲು ವೇದಿಕೆಗೆ ಬಂದನು. ಘೋಷಣೆಗೆ ಮೊದಲು ರೂಢಿಯಂತೆ ಸಭಿಕರನ್ನು ಹಾಸ್ಯಮಾಡುತ್ತ, ಮುಂದಿನ ಸಾಲಿನಲ್ಲಿದ್ದ ನಟಿ ಜೇಡಾ ಪಿಂಕೆಟ್ ಸ್ಮಿತ್ ಅವರ ಬೋಳಿಸಿದ ತಲೆಯನ್ನು ಕುರಿತು ಒಂದು ಮಾತಾಡಿದನು. ನಾಯಕಿ ತಲೆ ಬೋಳಿಸಿಕೊಂಡಿದ್ದ 1997ರ ಒಂದು ಚಿತ್ರದ ಹೆಸರು ಹೇಳಿ, ಅದರ ಮುಂದಿನ ಭಾಗದಲ್ಲಿ ಆಕೆಯನ್ನು ನೋಡಲು ಕಾಯುತ್ತಿದ್ದೇನೆಂಬುದು ಆ ಮಾತಿನ ಸಾರಾಂಶ. ಆಕೆಗೆ ಕೂದಲು ಉದುರುವ ಅಲೋಪೀಸಿಯಾ ಎಂಬ ವ್ಯಾಧಿಯಿತ್ತು. ಅದನ್ನು ಆಕೆ 2018ರಲ್ಲಿಯೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಸಭೆಯಲ್ಲಿ ನಗೆ ಎದ್ದಿತು. ಕ್ಷಣಕಾಲದ ನಂತರ ಆಕೆಯ ಪತಿ, ನಟ ವಿಲ್ ಸ್ಮಿತ್, ವೇದಿಕೆಯನ್ನೇರಿ ಹಾಸ್ಯಗಾರನ ಕೆನ್ನೆಗೆ ಹೊಡೆದನು. ಸುಮಾರು ನಲವತ್ತು ನಿಮಿಷಗಳ ಮೇಲೆ ಅದೇ ಸ್ಮಿತ್‌ಗೆ ಶ್ರೇಷ್ಠ ನಟನೆಂಬ ಪ್ರಶಸ್ತಿ ಬಂದಿತು. ಏಟನ್ನು ಕಣ್ಣಾರೆ ಕಂಡಿದ್ದ ಸಭೆಯೇ ಎದ್ದುನಿಂತು ಕರತಾಡನ ಮಾಡಿತು.

ಅಮೆರಿಕದ ವಾಹಿನಿಯು ಆ ಕ್ಷಣದ ಧ್ವನಿಯನ್ನು ಅಡಗಿಸಿತ್ತು. ಆದರೆ ಜಪಾನ್, ಆಸ್ಟ್ರೇಲಿಯಾಗಳ ಪ್ರಸಾರದಲ್ಲಿ ಮಾತು ಇದ್ದಕ್ಕಿದ್ದಂತೆ ಕೇಳಿಸಿತು. ಆ ತುಣುಕು ಗಂಟೆಗಳಲ್ಲಿ ಭೂಮಂಡಲವನ್ನು ಸುತ್ತಿಬಂದಿತು. ಅಂದು ಸಂಜೆಯೊಳಗೆ ಜಗತ್ತಿನ ಪ್ರೇಕ್ಷಕರು ಎರಡು ಪಕ್ಷಗಳಾಗಿದ್ದರು. ಪತ್ನಿಯ ಮಾನಕ್ಕಾಗಿ ಕೈಯೆತ್ತಿದವನು ಗಂಡಸೆಂಬುದು ಒಂದು ಪಕ್ಷ. ನಗೆಗಾರನ ನಾಲಗೆಗೆ ಸ್ವಾತಂತ್ರ್ಯ ಬೇಕು, ಹೊಡೆದವನೇ ಅಪರಾಧಿಯೆಂಬುದು ಇನ್ನೊಂದು. ನಮ್ಮ ಮನೆಗಳಲ್ಲಿಯೂ ಇದೇ ಚರ್ಚೆ ನಡೆಯಿತು. ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿಯನ್ನು ಮುಟ್ಟದ, ನೀರನ್ನು ಸೋಸದೆ ಕುಡಿಯದ ಕುಟುಂಬಗಳಲ್ಲಿ ಆ ಏಟಿನ ದೃಶ್ಯವನ್ನು ಮತ್ತೆ ಮತ್ತೆ ನೋಡಿ, ಅದರ ಮೇಲೆ ಕಟ್ಟಿದ ಚಟಾಕಿಗಳನ್ನು ಒಬ್ಬರಿಂದೊಬ್ಬರಿಗೆ ಕಳುಹಿಸಿದ್ದನ್ನು ನಾನು ಬಲ್ಲೆ.

ಎರಡು ಪಕ್ಷದವರೂ ತೂಗಿದ್ದು ಏಟನ್ನು. ಅದಕ್ಕೆ ಮೊದಲು ಕೇಳಿಬಂದ ನಗೆಯನ್ನು ತೂಗಿದವರು ವಿರಳ. ಘಟನೆಯ ಅನುಕ್ರಮವನ್ನು ಗಮನಿಸಬೇಕು. ಮೊದಲು ಮಾತು, ಅನಂತರ ಸಭೆಯ ನಗೆ, ಆಮೇಲೆ ಏಟು. ಹೊಡೆಯಲು ಎದ್ದುಹೋದ ಪತಿಯೇ ಮೊದಲ ಕ್ಷಣದಲ್ಲಿ ನಗುತ್ತಿದ್ದುದನ್ನು ದೃಶ್ಯವು ಸ್ಪಷ್ಟವಾಗಿ ತೋರಿಸಿತು. ಆತನ ಪಕ್ಕದಲ್ಲಿ ಕುಳಿತಿದ್ದ ಪತ್ನಿಯೊಬ್ಬಳ ಮುಖದಲ್ಲಿ ಮಾತ್ರ ನಗೆಯಿರಲಿಲ್ಲ. ನೂರಾರು ಜನ ನಗುತ್ತಿರುವ ಸಭೆಯಲ್ಲಿ, ತನ್ನ ವ್ಯಾಧಿಯೇ ನಗೆಗೆ ಕಾರಣವಾಗಿರುವಾಗ, ಕ್ಯಾಮೆರಾದ ಎದುರು ಅಲುಗದೆ ಕುಳಿತಿರಬೇಕಾದ ಆ ಜೀವಕ್ಕೆ ಆದ ನೋವೇ ಆ ರಾತ್ರಿಯ ಮೊದಲ ಹಿಂಸೆ. ಅದನ್ನು ಮಾಡಿದವನೊಬ್ಬ, ಅನುಮೋದಿಸಿದವರು ಲೆಕ್ಕವಿಲ್ಲದಷ್ಟು ಮಂದಿ.

‘ನಗುವುದೂ ಪಾಪವೇ?’ ಎಂದು ಕೇಳುವ ತರುಣರಿಗೆ ಶಾಸ್ತ್ರದ ಉತ್ತರವನ್ನು ಹೇಳುತ್ತೇನೆ. ನಮ್ಮ ಆಚಾರ್ಯರು ನಾಲ್ಕು ಕಷಾಯಗಳ ಜೊತೆಗೆ ಒಂಬತ್ತು ನೋಕಷಾಯಗಳನ್ನು ಹೇಳಿದ್ದಾರೆ. ಆ ಒಂಬತ್ತರಲ್ಲಿ ಮೊದಲನೆಯದೇ ಹಾಸ್ಯ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳುವಾಗ ಕ್ರೋಧ, ಲೋಭ, ಭಯಗಳೊಡನೆ ಹಾಸ್ಯವನ್ನೂ ತ್ಯಜಿಸಬೇಕೆಂದಿದ್ದಾರೆ. ಶ್ರಾವಕನ ಅನರ್ಥದಂಡವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಕಂದರ್ಪ, ಕೌತ್ಕುಚ್ಯ, ಮೌಖರ್ಯಗಳು ಮೊದಲ ಮೂರು: ನಗೆಬೆರೆತ ಅಸಭ್ಯ ಮಾತು, ಅದಕ್ಕೆ ಸೇರಿಸಿದ ಅಂಗಚೇಷ್ಟೆ, ವಿವೇಕವಿಲ್ಲದ ವಾಚಾಳಿತನ. ಇಂದಿನ ಪ್ರಶಸ್ತಿ ಸಮಾರಂಭದ ನಿರೂಪಕನ ವೃತ್ತಿಯನ್ನು ಕಣ್ಣಾರೆ ಕಂಡು ಬರೆದಂತಿಲ್ಲವೇ ಈ ಪಟ್ಟಿ? ಇನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹಾಸ್ಯವೆಂಬ ನೋಕಷಾಯದ ಬಂಧಕ್ಕೆ ಕಾರಣಗಳನ್ನು ಎಣಿಸುವಾಗ, ಸದ್ಧರ್ಮವನ್ನು ಅಪಹಾಸ್ಯ ಮಾಡುವುದರ ಜೊತೆಯಲ್ಲಿಯೇ ದೀನರನ್ನು ನೋಡಿ ನಗುವುದನ್ನೂ ಇಟ್ಟಿದ್ದಾರೆ. ಧರ್ಮನಿಂದೆಗೂ ದೀನನ ಅಪಹಾಸ್ಯಕ್ಕೂ ಒಂದೇ ಪಂಕ್ತಿ. ಇದಕ್ಕಿಂತ ಕಠಿಣವಾದ ತೀರ್ಪು ಬೇಕೇ?

ಹಾಸ್ಯಗಾರನಿಗೆ ಆಕೆಯ ವ್ಯಾಧಿಯ ವಿಷಯ ತಿಳಿದಿರಲಿಲ್ಲವೆಂದು ಅವನ ಪರವಾಗಿ ವಾದಿಸಿದವರುಂಟು. ತಿಳಿದಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ನಮ್ಮ ಶಾಸ್ತ್ರವು ಹಿಂಸೆಯ ಲಕ್ಷಣವನ್ನು ದ್ವೇಷದಲ್ಲಿ ಮಾತ್ರ ಕಾಣದೆ ಪ್ರಮಾದದಲ್ಲಿಯೂ ಕಂಡಿದೆ. ನೆಲವನ್ನು ನೋಡದೆ ಕಾಲಿಡುವುದು ಈರ್ಯಾಸಮಿತಿಯ ಭಂಗವಾದರೆ, ಎದುರಿನವರ ಸ್ಥಿತಿಯನ್ನು ನೋಡದೆ ಮಾತಿಡುವುದು ಭಾಷಾಸಮಿತಿಯ ಭಂಗ. ಇರುವೆಯನ್ನು ಕಾಣಲಿಲ್ಲವೆಂಬುದು ಕಾಲಿನ ನಿರಪರಾಧಿತ್ವಕ್ಕೆ ಸಾಕ್ಷಿಯಾಗುವುದಿಲ್ಲ.

ದೊಡ್ಡವರನ್ನು, ಬಲಿಷ್ಠರನ್ನು ಹಾಸ್ಯಮಾಡುವುದು ನಗೆಗಾರನ ಧರ್ಮವಲ್ಲವೇ ಎಂಬ ಇನ್ನೊಂದು ವಾದವನ್ನು ನಾನು ಗೌರವಿಸುತ್ತೇನೆ. ಅಹಂಕಾರಿಯಾದ ಅಧಿಕಾರಿಯ ಮಾನಕಷಾಯವನ್ನು ಒಂದು ಚಟಾಕಿಯು ಇಳಿಸುವುದಾದರೆ ಇಳಿಸಲಿ. ಆದರೆ ನಗೆಯು ಅಲ್ಲಿಗೇ ನಿಲ್ಲುವುದೇ? ಇದೇ ರಾಕ್ 2016ರಲ್ಲಿ ನಿರೂಪಕನಾಗಿದ್ದಾಗ, ಅಭಿನಯದ ವಿಭಾಗಗಳಲ್ಲಿ ಕಪ್ಪು ಜನರೊಬ್ಬರನ್ನೂ ನಾಮನಿರ್ದೇಶನ ಮಾಡದಿದ್ದ ಚಿತ್ರರಂಗವನ್ನು ತೀಕ್ಷ್ಣವಾಗಿ ಚುಚ್ಚಿ ಮೆಚ್ಚುಗೆ ಪಡೆದನು. ಅದೇ ಸಂಜೆ, ಅದೇ ವೇದಿಕೆಯ ಮೇಲೆ, ಏಷ್ಯಾ ಮೂಲದ ಮೂವರು ಪುಟ್ಟ ಮಕ್ಕಳನ್ನು ಕರೆತಂದು, ಮತಗಳನ್ನು ಎಣಿಸಿದ ಲೆಕ್ಕಪರಿಶೋಧಕರೆಂದು ಪರಿಚಯಿಸಿ ಸಭೆಯನ್ನು ನಗಿಸಿದನು. ತಮ್ಮ ಜನಾಂಗವನ್ನು ಹೀಗೆ ಹಳಸಿದ ಅಚ್ಚಿನಲ್ಲಿ ಹೊಯ್ದದ್ದಕ್ಕೆ ಏಷ್ಯಾ ಮೂಲದ ಪ್ರೇಕ್ಷಕರೂ ಕಲಾವಿದರೂ ಪ್ರತಿಭಟಿಸಿದರು. ಪ್ರಶಸ್ತಿ ನೀಡುವ ಅಕಾಡೆಮಿಯು ಕ್ಷಮೆ ಕೇಳಬೇಕಾಯಿತು. ತನ್ನವರ ನೋವನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ನೆರೆಯವರ ನೋವು ಕಾಣಲಿಲ್ಲ. ಸಭೆ ನಗುವವರೆಗೂ ನಗಿಸಬೇಕೆಂಬ ಲೋಭವು ವಿವೇಕವನ್ನು ಹೀಗೆ ನುಂಗುತ್ತದೆ. ಪ್ರೇಕ್ಷಕನ ನಗೆಯು ಆ ಲೋಭಕ್ಕೆ ಆಹಾರ.

ಹಾಗಾದರೆ ಹೊಡೆದದ್ದು ಸರಿಯೆಂದೇ? ಸರ್ವಥಾ ಅಲ್ಲ. ಹೊಡೆದವನೇ ಮರುದಿನ ಲಿಖಿತವಾಗಿ ಹಾಸ್ಯಗಾರನ ಕ್ಷಮೆ ಕೇಳಿದನು. ಏಪ್ರಿಲ್ 1ರಂದು ಅಕಾಡೆಮಿಗೆ ರಾಜೀನಾಮೆಯಿತ್ತನು. ಏಪ್ರಿಲ್ 8ರಂದು ಅಕಾಡೆಮಿಯು ಅವನನ್ನು ಹತ್ತು ವರ್ಷ ತನ್ನ ಸಮಾರಂಭಗಳಿಂದ ದೂರವಿರಿಸಿತು. ಏಟು ತಿಂದವನು ಪೊಲೀಸರಿಗೆ ದೂರು ಕೊಡಲಿಲ್ಲ. ಆದರೆ ಎತ್ತಿದ ಕೈಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ಲಾಸ್ ಏಂಜಲೀಸಿಗೆ ಹೋಗಬೇಕಾಗಿಲ್ಲ. ನಮ್ಮ ಶ್ರವಣಬೆಳಗೊಳದ ಬೆಟ್ಟದ ಮೇಲೆ ಅದು ನಿಂತಿದೆ. ಜಿನಸೇನಾಚಾರ್ಯರೂ ಆದಿಕವಿ ಪಂಪನೂ ವರ್ಣಿಸಿದ ಮಲ್ಲಯುದ್ಧದಲ್ಲಿ ಅಣ್ಣನಾದ ಭರತನನ್ನು ಮೇಲಕ್ಕೆತ್ತಿದ ಬಾಹುಬಲಿಯು ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಶ್ವೇತಾಂಬರ ಪರಂಪರೆಯ ಕಥನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅಣ್ಣನನ್ನು ಹೊಡೆಯಲೆಂದು ಎತ್ತಿದ ಮುಷ್ಟಿಯನ್ನು ವ್ಯರ್ಥವಾಗಿ ಇಳಿಸದೆ, ಅದೇ ಮುಷ್ಟಿಯಿಂದ ಬಾಹುಬಲಿಯು ತನ್ನ ತಲೆಗೂದಲನ್ನು ಕಿತ್ತು ದೀಕ್ಷಿತನಾದನು. ಅಲ್ಲಿ ತಲೆಗೂದಲಿನ ಮಾತಿಗಾಗಿ ಕೈ ಎದ್ದಿತು. ಇಲ್ಲಿ ಎದ್ದ ಕೈಯೇ ತಲೆಗೂದಲನ್ನು ತ್ಯಜಿಸಿತು. ಈ ಕಥೆಯನ್ನು ಮಕ್ಕಳಿಗೆ ಹೇಳಲು ಆ ಮಾರ್ಚ್ 28ಕ್ಕಿಂತ ಒಳ್ಳೆಯ ದಿನ ಸಿಕ್ಕುತ್ತಿರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಹೇಳಿದೆವು?

ತಲೆಗೂದಲಿನ ವಿಷಯ ಬಂದುದರಿಂದ ಇನ್ನೊಂದು ಮಾತನ್ನೂ ಆಡಲೇಬೇಕು. ಕೂದಲಿಲ್ಲದ ಹೆಣ್ಣಿನ ತಲೆ ಜಗತ್ತಿಗೆ ನಗೆಯ ವಸ್ತುವಾದರೂ ಜೈನ ಮನೆಯ ಮಗುವಿಗೆ ಆಗಕೂಡದು. ಕೇಶಲೋಚವು ಮುನಿಗಳ 28 ಮೂಲಗುಣಗಳಲ್ಲಿ ಒಂದು. ನಮ್ಮ ಪೂಜ್ಯ ಆರ್ಯಿಕಾ ಮಾತಾಜಿಯವರು ಎರಡು, ಮೂರು, ಹೆಚ್ಚೆಂದರೆ ನಾಲ್ಕು ತಿಂಗಳಿಗೊಮ್ಮೆ ತಮ್ಮ ಕೈಯಿಂದಲೇ ಕೇಶವನ್ನು ಕೀಳುತ್ತಾರೆ. ಅದನ್ನು ಕಂಡು ಕಣ್ಣೀರಿಡುವವರು ನಾವು. ಬೋಳುತಲೆಯ ತ್ಯಾಗಿಗಳಿಗೆ ನಮಸ್ಕರಿಸುವ ಅದೇ ಮಗು, ಸಂಜೆ ತೆರೆಯ ಮೇಲೆ ಬೋಳುತಲೆಯ ಹೆಣ್ಣನ್ನು ಕಂಡು ನಗುವುದಾದರೆ ಅದು ಕಲಿತದ್ದೇನು? ವ್ರತದಿಂದ ಬಂದ ಬೋಳುತಲೆಗೂ ವ್ಯಾಧಿಯಿಂದ ಬಂದ ಬೋಳುತಲೆಗೂ ಭೇದವಿದೆಯೆಂಬುದು ನಿಜ. ಒಂದಕ್ಕೆ ವಂದನೆ ಸಲ್ಲಬೇಕು, ಇನ್ನೊಂದಕ್ಕೆ ಅನುಕಂಪೆ. ನಗೆಯು ಎರಡಕ್ಕೂ ಸಲ್ಲದು. ಕ್ಯಾನ್ಸರ್ ಚಿಕಿತ್ಸೆಯಿಂದ ಕೂದಲು ಕಳೆದುಕೊಂಡು ಮದುವೆ ಮುಂಜಿಗಳಿಗೆ ಬರಲು ಹಿಂಜರಿಯುವ, ಬಸದಿಯಲ್ಲಿಯೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೂಲೆಯಲ್ಲಿ ಕುಳಿತುಕೊಳ್ಳುವ ಸೋದರಿಯರು ನಮ್ಮ ಸಮಾಜದಲ್ಲಿಲ್ಲವೇ? ಅವರ ಮುಂದೆ ಆ ತುಣುಕನ್ನು ಹಾಕಿ ನಕ್ಕವರು ಒಮ್ಮೆ ಯೋಚಿಸಲಿ.

‘ನಾವು ಬರಿದೆ ನೋಡಿದೆವು, ಆಡಿದವರು ಬೇರೆ, ಹೊಡೆದವರು ಬೇರೆ’ ಎಂಬ ಸಮಾಧಾನವು ಅತ್ಯಂತ ಅಪಾಯಕರವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡಗಳನ್ನು ಐದಾಗಿ ವಿಂಗಡಿಸಿ, ಅವುಗಳಲ್ಲಿ ದುಃಶ್ರುತಿಯನ್ನು ಒಂದಾಗಿ ಹೇಳಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವಂಥದನ್ನು ಕೇಳುವುದೇ ದುಃಶ್ರುತಿ. ಕೇಳುವವನಿಗೆ ದೋಷವಿಲ್ಲವಾಗಿದ್ದರೆ ಆಚಾರ್ಯರು ಅದಕ್ಕೊಂದು ಹೆಸರನ್ನಿಡುತ್ತಿರಲಿಲ್ಲ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಇದು ಸ್ಪಷ್ಟ. ಕೊಳ್ಳುವವನಿಲ್ಲದ ಸರಕನ್ನು ಯಾವ ವರ್ತಕನೂ ತರಿಸುವುದಿಲ್ಲ. ಆ ಏಟಿನ ಮುಂದಿನ ಚರಿತ್ರೆಯನ್ನು ನೋಡಿರಿ. 2023ರ ಮಾರ್ಚ್ 4ರಂದು ಏಟು ತಿಂದ ಹಾಸ್ಯಗಾರನು ಅದನ್ನೇ ವಸ್ತುವಾಗಿಸಿ ಆ ದಂಪತಿಗಳನ್ನು ಮತ್ತೆ ಚುಚ್ಚಿದ ಕಾರ್ಯಕ್ರಮವು ನೆಟ್‌ಫ್ಲಿಕ್ಸಿನಲ್ಲಿ ನೇರವಾಗಿ ಪ್ರಸಾರವಾಯಿತು. ಮಾರ್ಚ್ 12ರ ಆಸ್ಕರ್ ಸಮಾರಂಭದಲ್ಲಿ ನಿರೂಪಕ ಜಿಮ್ಮಿ ಕಿಮ್ಮೆಲ್ ಹಿಂದಿನ ವರ್ಷದ ಏಟನ್ನೇ ನಗೆಯ ಸರಕಾಗಿ ಹರಡಿದನು. ಒಬ್ಬಳ ವ್ಯಾಧಿ, ಒಬ್ಬನ ಕ್ರೋಧ, ಒಬ್ಬನ ಅಪಮಾನ — ಮೂರೂ ಒಂದೇ ವರ್ಷದಲ್ಲಿ ಮಾರಾಟದ ಪದಾರ್ಥಗಳಾದವು. ಕೊಂಡವರು ಪ್ರೇಕ್ಷಕರು.

ಅದೇ 2023ರ ಸಮಾರಂಭದ ಇನ್ನೊಂದು ಸಂಗತಿಯು ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ್ದು. ನಮ್ಮ ನೆರೆಯ ಮುದುಮಲೆಯ ಕಾಡಿನಲ್ಲಿ ಅನಾಥ ಆನೆಮರಿಗಳನ್ನು ಸಾಕಿದ ದಂಪತಿಗಳನ್ನು ಕುರಿತ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಕಿರು ಸಾಕ್ಷ್ಯಚಿತ್ರಕ್ಕೆ ಅಂದು ಪ್ರಶಸ್ತಿ ಬಂದಿತು. ತೆಲುಗಿನ ‘ಆರ್‌ಆರ್‌ಆರ್’ ಚಿತ್ರದ ಹಾಡಿಗೂ ಬಂದಿತು. ನಿರೂಪಕನು ತೆಲುಗು ಚಿತ್ರವನ್ನು ಬಾಲಿವುಡ್ಡಿನದೆಂದನೆಂದು ನಮ್ಮ ಪ್ರೇಕ್ಷಕರು ಕೆರಳಿದರು. ಕೆರಳಿದ್ದು ಸಹಜ; ತಮ್ಮ ಗುರುತನ್ನು ಅಲಕ್ಷಿಸಿದರೆ ಯಾರಿಗೂ ನೋವಾಗುತ್ತದೆ. ಆದರೆ ಹಿಂದಿನ ವರ್ಷ ಪರರ ವ್ಯಾಧಿಗೆ ನಕ್ಕವರಿಗೆ ಈ ವರ್ಷ ತಮ್ಮ ಹೆಸರು ತಪ್ಪಿದಾಗ ನೋವಾಯಿತೆಂಬುದನ್ನು ಗಮನಿಸಬೇಕು. ನಿರೂಪಕನ ಒಂದು ಅಲಕ್ಷ್ಯದ ಮಾತು ಎಷ್ಟು ನಾಟುತ್ತದೆಂಬುದು ಅಂದಾದರೂ ಅವರಿಗೆ ತಿಳಿದಿರಬೇಕು. ಆನೆಮರಿಗೆ ಹಾಲೂಡಿಸಿದ ಜೀವದಯೆಯನ್ನು ಕುರಿತು ನಮ್ಮ ಮನೆಗಳಲ್ಲಿ ಅದರ ಅರ್ಧದಷ್ಟು ಮಾತೂ ನಡೆಯಲಿಲ್ಲ.

ಪರದೇಶದವರನ್ನು ದೂರಿ ನಾವು ಶುದ್ಧರೆಂದು ಮೆರೆಯುವುದು ಈ ಲೇಖನದ ಉದ್ದೇಶವಲ್ಲ. ಅಪಹಾಸ್ಯದ ಚಪಲವು ನಮ್ಮ ಪರಂಪರೆಯಲ್ಲಿಯೂ ಇದ್ದಿತು. ಬ್ರಹ್ಮಶಿವನ ಸಮಯಪರೀಕ್ಷೆ, ವೃತ್ತವಿಲಾಸನ ಧರ್ಮಪರೀಕ್ಷೆಗಳು ಅನ್ಯರ ನಂಬಿಕೆಗಳನ್ನು ಗೇಲಿಮಾಡಿದ ಕಾವ್ಯಗಳು. ಅವುಗಳ ಕಾವ್ಯಗುಣವನ್ನು ಒಪ್ಪುತ್ತಲೇ, ಅನೇಕಾಂತವನ್ನು ಬೋಧಿಸುವ ಧರ್ಮಕ್ಕೆ ಆ ಗೇಲಿಯಿಂದ ಗೌರವ ಹೆಚ್ಚಿತೇ ಎಂದು ಕೇಳಿಕೊಳ್ಳುವ ಪ್ರಾಮಾಣಿಕತೆ ನಮಗಿರಬೇಕು. ಹಾಗೆಂದು ನಗೆಯೇ ಬೇಡವೆಂದು ನಾನು ಹೇಳುವುದಿಲ್ಲ. ನಯಸೇನನು ಧರ್ಮಾಮೃತದಲ್ಲಿ ತಿಳಿಗನ್ನಡದ ಗಾದೆ, ಹೋಲಿಕೆಗಳ ಸರಮಾಲೆಯಿಂದ ಓದುಗನ ಮುಖವನ್ನು ಅರಳಿಸುತ್ತಲೇ ವ್ರತಗಳ ಕಥೆ ಹೇಳಿದನು. ಮುಖವರಳಿಸುವ ನಗೆ ಬೇರೆ. ಒಬ್ಬರ ಮುಖ ಬಾಡಿಸಿ ಉಳಿದವರು ನಗುವುದು ಬೇರೆ. ಗೃಹಸ್ಥನಾದ ಶ್ರಾವಕನಿಗೆ ಈ ಗೆರೆಯನ್ನು ಗುರುತಿಸುವುದು ಕಷ್ಟವೇನಲ್ಲ.

ಈಗ ನಮ್ಮ ವೇದಿಕೆಗಳನ್ನು ನೋಡೋಣ. ಪಂಚಕಲ್ಯಾಣ, ರಥೋತ್ಸವ, ಮಹಾವೀರ ಜಯಂತಿಗಳ ಸಭೆಗಳಿಗೆ ಸಂಭಾವನೆ ಕೊಟ್ಟು ನಿರೂಪಕರನ್ನು ಕರೆಸುವುದು ರೂಢಿಯಾಗಿದೆ. ಅವರಲ್ಲಿ ಸಜ್ಜನರಿದ್ದಾರೆ. ಆದರೆ ದೂರದರ್ಶನದ ನಿರೂಪಕರನ್ನು ನೋಡಿ ಕಲಿತವರು, ದಪ್ಪನೆಯವರು, ಕಪ್ಪಗಿರುವವರು, ತೊದಲುವವರು, ಹೆಂಡತಿಗೆ ಹೆದರುವ ಗಂಡ, ಅತ್ತೆಸೊಸೆಯರು — ಇವರನ್ನು ಬಿಟ್ಟರೆ ನಗಿಸಲು ಬೇರೆ ವಸ್ತುವನ್ನೇ ಅರಿಯರು. ಕೆಲವು ವರ್ಷಗಳ ಹಿಂದೆ ಒಂದೂರಿನ ಬಸದಿಯ ವಾರ್ಷಿಕೋತ್ಸವದಲ್ಲಿ ಅಭಿಷೇಕದ ಕಲಶಗಳ ಸವಾಲು ನಡೆಯುತ್ತಿತ್ತು. ಹಿಂದಿನ ಸಾಲಿನಿಂದ ವೃದ್ಧೆಯೊಬ್ಬರು ಒಂದು ಚಿಕ್ಕ ಮೊತ್ತವನ್ನು ಕೂಗಿದರು. ನಿರೂಪಕನು, ‘ಅಜ್ಜಿ, ಈ ದುಡ್ಡಿಗೆ ಕಲಶ ಬರುವುದಿಲ್ಲ, ಕಲಶದ ಮೇಲಿನ ತೆಂಗಿನಕಾಯಿಯೂ ಬರುವುದಿಲ್ಲ’ ಎಂದನು. ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಟ್ರಸ್ಟಿನ ಹಿರಿಯರು ನಕ್ಕರು. ಅವರ ಪಕ್ಕದಲ್ಲಿ ಕುಳಿತಿದ್ದ ನಾನೂ ನಕ್ಕೆನು. ಹಿಂತಿರುಗಿ ನೋಡುವಷ್ಟರಲ್ಲಿ ಆ ತಾಯಿ ಸೆರಗಿನ ತುದಿಯಲ್ಲಿ ಹಣವನ್ನು ಮರಳಿ ಗಂಟುಕಟ್ಟುತ್ತಿದ್ದರು. ಪ್ರಸಾದಕ್ಕೂ ನಿಲ್ಲದೆ ಹೊರಟುಹೋದರು. ಮರುವರ್ಷದ ಉತ್ಸವದಲ್ಲಿ ನನ್ನ ಕಣ್ಣು ಅವರನ್ನು ಹುಡುಕಿತು, ಅವರು ಬಂದಿರಲಿಲ್ಲ.

ದೀನರನ್ನು ನೋಡಿ ನಗುವುದೆಂದು ಪೂಜ್ಯಪಾದರು ಬರೆದದ್ದನ್ನು ನಾನು ಹಲವು ಬಾರಿ ಸ್ವಾಧ್ಯಾಯದಲ್ಲಿ ಓದಿ ವಿವರಿಸಿದವನು. ಆದರೂ ಆ ಕ್ಷಣದಲ್ಲಿ ನಕ್ಕೆನು. ಜಿನಬಿಂಬದ ಎದುರಿನಲ್ಲಿ, ಅಭಿಷೇಕದ ಹೊತ್ತಿನಲ್ಲಿ ನಕ್ಕೆನು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ತಾಯಿಯ ಮಾನವನ್ನು ನಾವು ಒಂದು ತೆಂಗಿನಕಾಯಿಗೆ ಕಳೆದೆವು. ಡಾಲ್ಬಿ ರಂಗಮಂದಿರದ ಸಭಿಕರಿಗಿಂತ ನಾನು ಯಾವ ವಿಧದಲ್ಲಿ ಮೇಲು? ಅವರಿಗೆ ಈ ಶಾಸ್ತ್ರ ತಿಳಿದಿರಲಿಲ್ಲವೆಂಬ ಒಂದು ರಿಯಾಯಿತಿಯಾದರೂ ಇದೆ. ನನಗೆ ಅದೂ ಇಲ್ಲ.

ಆದಕಾರಣ ಬಸದಿ ಮತ್ತು ಮಂದಿರಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ನಿರೂಪಕರನ್ನು ಗೊತ್ತುಮಾಡುವಾಗ ಸಂಭಾವನೆಯ ಜೊತೆಗೆ ಭಾಷಾಸಮಿತಿಯನ್ನೂ ಮಾತಾಡಿಕೊಳ್ಳಿರಿ: ಯಾರ ಶರೀರ, ವ್ಯಾಧಿ, ಬಡತನ, ಸಂತಾನಹೀನತೆ, ಕುಲಗಳೂ ನಗೆಯ ವಸ್ತುವಾಗಕೂಡದೆಂದು ಬರೆದುಕೊಡಿರಿ. ಸವಾಲಿನ ಕೂಗನ್ನು ಸಾಧ್ಯವಾದರೆ ಸಮಾಜದ ಹಿರಿಯರೇ ನಡೆಸಲಿ. ಅತಿ ಚಿಕ್ಕ ಮೊತ್ತವನ್ನೂ ‘ಮಹಾನುಭಾವರ ಭಕ್ತಿ’ಯೆಂದು ಗೌರವದಿಂದ ಕೂಗಲಿ. ಸವಾಲಿಗೆ ಶಕ್ತಿಯಿಲ್ಲದವರಿಗಾಗಿ ಒಂದು ಕಲಶವನ್ನು ಮೊತ್ತವಿಲ್ಲದೆ ಮೀಸಲಿಡಿರಿ. ವೇದಿಕೆಯಲ್ಲಿ ತಪ್ಪು ಮಾತು ಬಂದರೆ ಅಧ್ಯಕ್ಷರು ಅಲ್ಲಿಯೇ, ಅದೇ ಧ್ವನಿವರ್ಧಕದಲ್ಲಿ ಕ್ಷಮೆ ಕೇಳಲಿ. ನೊಂದದ್ದು ಸಭೆಯಲ್ಲಾದರೆ ಕ್ಷಮೆಯೂ ಸಭೆಯಲ್ಲಿಯೇ ಆಗಬೇಕು.

ಕುಟುಂಬಗಳಲ್ಲಿ ವಿನಂತಿ ಇನ್ನೂ ಚಿಕ್ಕದು. ದೂರದರ್ಶನವನ್ನು ಒಡೆದುಹಾಕಿರೆಂದು ನಾನು ಹೇಳುವುದಿಲ್ಲ. ತೆರೆಯ ಮೇಲೆ ಒಬ್ಬರ ನೋವಿಗೆ ನಗೆ ಎದ್ದಾಗ ಮನೆಯ ಹಿರಿಯರೊಬ್ಬರು ನಗದೆ ಕುಳಿತರೆ ಸಾಕು. ಮಕ್ಕಳು ತೆರೆಯನ್ನು ನೋಡುವಷ್ಟೇ ನಮ್ಮ ಮುಖವನ್ನೂ ನೋಡುತ್ತಾರೆ. ‘ಅಜ್ಜ ಏಕೆ ನಗಲಿಲ್ಲ?’ ಎಂದು ಮಗು ಕೇಳಿದ ದಿನ ಆ ಮನೆಯಲ್ಲಿ ವಚನಗುಪ್ತಿಯ ಮೊದಲ ಪಾಠ ಆರಂಭವಾದಂತೆ.

ಭಾದ್ರಪದದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಾವು ಉತ್ತಮ ಕ್ಷಮೆಯೇ ಮೊದಲಾದ ಹತ್ತು ಧರ್ಮಗಳನ್ನು ಆರಾಧಿಸಿ, ಬಳಿಕ ಕ್ಷಮಾವಾಣಿಯಂದು ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡುತ್ತೇವೆ. ಅಂದು ಬೇಡುವ ಕ್ಷಮೆಯಲ್ಲಿ ನಾವು ಮಾಡಿದ ತಪ್ಪುಗಳು ಬರುತ್ತವೆ, ಆಡಿದ ಮಾತುಗಳು ಬರುತ್ತವೆ. ಪರರು ಆಡಿದ ಮಾತಿಗೆ ನಾವು ನಕ್ಕ ನಗೆಯೂ ಆ ಪಟ್ಟಿಗೆ ಸೇರಲಿ. ಅಂದು ಸೆರಗಿನ ಗಂಟು ಕಟ್ಟಿಕೊಂಡು ಹೊರಟುಹೋದ ಆ ತಾಯಿ ಈ ಪತ್ರಿಕೆಯನ್ನು ಓದುವರೋ ಇಲ್ಲವೋ. ಅವರ ಮನೆಯನ್ನು ಹುಡುಕಿ ಹೋಗುವ ಕರ್ತವ್ಯ ನನ್ನ ಮೇಲಿದೆ. ಮುಂದಿನ ಕ್ಷಮಾವಾಣಿಯೊಳಗೆ ಅದನ್ನು ತೀರಿಸುವೆನೆಂದು ಸಮಾಜದ ಮುಂದೆ ಬರೆದುಕೊಡುತ್ತಿದ್ದೇನೆ.

ಜಯ ಜಿನೇಂದ್ರ.